ಪಾರ್ಕಿಗೆ ಬೀಗ ಬಿದ್ದು 14 ತಿಂಗಳು: ಕೀ ಯಾರ ಹತ್ರ ಐತೆ?

ಮೂರನೇ ಕ್ರಾಸ್ (ಬಳ್ಳಾರಿ), ಸೋಮವಾರ, ಬೆಳಿಗ್ಗೆ 7:20

ತಿಳಿದೋರು ಯಾರಾದ್ರೂ ಇದಕ್ಕೊಂದು ದಾರಿ ಹೇಳ್ರಿ. ಬಡಾವಣೆ ಹೆಸರು, ಆಫೀಸಿನ ಹೆಸರು ಬೇಕಂತಲೇ ಬರೆದಿಲ್ಲ. ಯಾರ ಮೇಲೋ ಗೂಬೆ ಕೂರಿಸೋದಕ್ಕಿಂತ ಗೇಟ್ ತೆಗೆಸೋದು ನನಗೆ ಮುಖ್ಯ.

ನಮ್ಮ ಮನೆಯಿಂದ ಮೂರು ನಿಮಿಷದ ದಾರಿಗೆ ಪಾರ್ಕ್. ಹೋದ ವರ್ಷ ಉಗಾದಿ ಆದ ವಾರಕ್ಕೆ "ಅಭಿವೃದ್ಧಿ ಕಾಮಗಾರಿ" ಅಂತ ಮುಚ್ಚಿದ್ರು. ಗೇಟಿನ ಪಕ್ಕ ಬೋರ್ಡ್ ಹಾಕ್ಯಾರೆ. ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಕೆಲಸ ಶುರುವಾದ ತಾರೀಕು ಎಲ್ಲ ಐತೆ. "ಮುಗಿಯುವ ದಿನಾಂಕ" ಅಂತ ಬರೆದು ಎರಡು ಚುಕ್ಕಿ ಇಟ್ಟು, ಮುಂದೆ ಖಾಲಿ ಬಿಟ್ಟಾರೆ.

ಕೆಲಸ ದೀಪಾವಳಿಗೇ ಮುಗಿದೈತೆ. ವಾಕಿಂಗ್ ಟ್ರ್ಯಾಕಿಗೆ ಸಿಮೆಂಟ್ ಇಟ್ಟಿಗೆ ಕೂರಿಸ್ಯಾರೆ, ಓಪನ್ ಜಿಮ್ ಸಾಮಾನು ನಿಲ್ಲಿಸ್ಯಾರೆ. ಸುತ್ತಿದ ಪ್ಲಾಸ್ಟಿಕ್ ಮಾತ್ರ ಇನ್ನೂ ಬಿಚ್ಚಿಲ್ಲ. ಈ ಬಿಸಿಲಿಗೆ ಅದು ಸುಟ್ಟು ಹಪ್ಪಳ ಆಗಿ ಉದುರ್ತಾ ಐತೆ. ಹಾಸಿದ ಹುಲ್ಲು ಸತ್ತೋಗಿ, ಆ ಜಾಗದಾಗ ಬಳ್ಳಾರಿ ಜಾಲಿ ಮೊಳಕಾಲುದ್ದ ಬಂದೈತೆ. ಹುಡುಗರು ಹಿಂದಿನ ಕಡೆ ಎರಡು ಸರಳು ಬಗ್ಗಿಸಿ ನುಸುಳ್ತಾರೆ. ನನ್ನ ಮಗನೂ ಅಂಗಿ ಹರ್ಕೊಂಡು ಬಂದ. ನಮ್ಮತ್ತೆಗೆ ಶುಗರ್, ದಿನಾ ನಡೀರಿ ಅಂದಾರೆ ಡಾಕ್ಟ್ರು. ಲಾರಿ, ನಾಯಿ ತಪ್ಪಿಸ್ಕೊಂಡು ಮೇನ್ ರೋಡಿನಾಗ ನಡೀತಾರೆ.

ಒಂದು ಆಫೀಸಿಗೆ ಹೋದೆ. "ಕೆಲಸ ಮಾಡಿಸಿದ್ದು ನಾವಲ್ಲಮ್ಮ, ಅವರನ್ನ ಕೇಳ್ರಿ." ಅಲ್ಲಿಗೆ ಹೋದೆ. "ನಾವು ಮುಗಿಸೀವಿ, ಅವರು ತಗೊಂಡಿಲ್ಲ." ಗುತ್ತಿಗೆದಾರರ ಕಡೆಯೋರಿಗೆ ಫೋನ್ ಹಚ್ಚಿದೆ. "ಮೇಡಂ, ಕೀ ನನ್ ಹತ್ರ ಇಲ್ಲ." ಹಂಗಾದ್ರೆ ಆ ಬೀಗ ತಾನಾಗೇ ಬಂದು ಕೂತೈತಾ?

ಒಗ್ಗಾಣಿ ಮಿರ್ಚಿ (ಬಳ್ಳಾರಿ), ಸೋಮವಾರ, ಬೆಳಿಗ್ಗೆ 8:05

ಅಕ್ಕಾ, ರಿಬ್ಬನ್ ಐತೆ, ಕತ್ತರಿ ಐತೆ, ಕತ್ತರಿಸೋರ ಡೇಟ್ ಸಿಕ್ಕಿಲ್ಲ ಅಷ್ಟೇ.

2024ರ ಆಗಸ್ಟಿನಾಗ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಕೊಚ್ಕೊಂಡು ಹೋಯ್ತಲ್ಲ, ತುಂಬಿ ಹರಿಯೋ ಹೊಳೀಗೆ ಒಂದು ವಾರದಾಗ ಸ್ಟಾಪ್‌ಲಾಗ್ (ನೀರು ತಡೆಯೋ ಉಕ್ಕಿನ ಹಲಗೆ) ಇಳಿಸಿ ನಿಲ್ಲಿಸಿದ್ರು. ಅಲ್ಲಿ ಗೇಟ್ ಮುಚ್ಚೋಕೆ ವಾರ, ಇಲ್ಲಿ ಗೇಟ್ ತೆಗೆಯೋಕೆ 14 ತಿಂಗಳು.

ನಿವೃತ್ತ ಜೆಇ (ಬಳ್ಳಾರಿ), ಸೋಮವಾರ, ಬೆಳಿಗ್ಗೆ 10:40

ತಮ್ಮಾ, ನಗೋದು ಆಮೇಲೆ. ರಿಬ್ಬನ್ ಕಾರಣಕ್ಕೆ ಒಂದೆರಡು ತಿಂಗಳು ನಿಲ್ಲಬಹುದು, ಇಷ್ಟು ದಿನ ನಿಲ್ಲಲ್ಲ. ಇದು ಹಸ್ತಾಂತರದ ಕಥೆ. ಜೂನಿಯರ್ ಎಂಜಿನಿಯರ್ ಆಗಿ ಇದೇ ಕೆಲಸದಾಗ ತಲೆ ಬೆಳ್ಳಗೆ ಮಾಡ್ಕೊಂಡೋನು ನಾನು, ಸ್ವಲ್ಪ ಉದ್ದ ಆಗ್ತದೆ, ಓದ್ರಿ.

ನಮ್ಮ ಕಡೆ ಒಂದು ಪಾರ್ಕಿಗೆ ದುಡ್ಡು ಒಬ್ಬರದು, ಕೆಲಸ ಇನ್ನೊಬ್ಬರದು, ಆಸ್ತಿ ಮೂರನೆಯವರದು. ದುಡ್ಡು ಬರೋ ದಾರಿಗಳು ಹಲವು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಬಂದಮೇಲೆ ಪ್ರದೇಶಾಭಿವೃದ್ಧಿ ಮಂಡಳಿ ಅನುದಾನ ಐತೆ. 2015ರಿಂದ ಜಿಲ್ಲಾ ಖನಿಜ ನಿಧಿ ಐತೆ. ಅದೇ ವರ್ಷ ಊರುಗಳ ಅಭಿವೃದ್ಧಿಗೆ ಅಂತ ಕೇಂದ್ರ ಶುರು ಮಾಡಿದ ಅಮೃತ್ ಯೋಜನೆ ಪಟ್ಟಿಯಾಗ ಬಳ್ಳಾರಿ, ರಾಯಚೂರು ಎರಡೂ ಇದ್ದವು, ಅದರಾಗ ಪಾರ್ಕಿಗೇ ಅಂತ ಒಂದು ಸಣ್ಣ ಪಾಲಿತ್ತು. ಶಾಸಕರ ಅನುದಾನ ಬೇರೆ. ದುಡ್ಡು ಕೊಟ್ಟೋರು ಕೆಲಸಾನ ಯಾವುದೋ ಒಂದು ಏಜೆನ್ಸಿಗೆ ವಹಿಸ್ತಾರೆ. ಕೆಲವೊಮ್ಮೆ ಟೆಂಡರ್, ಕೆಲವೊಮ್ಮೆ 4ಜಿ ವಿನಾಯಿತಿ. ಮೊಬೈಲಿನ 4ಜಿ ಅಲ್ಲ, ಟೆಂಡರ್ ಕರೆಯದೇ ಕೆಲಸ ಕೊಡೋಕೆ ಬಿಡೋ 1999ರ ಪಾರದರ್ಶಕತೆ ಕಾಯ್ದೆಯ ಕಲಂ ಅದು. ಜಾಗದ ಒಡೆತನ, ಮುಂದಿನ ನಿರ್ವಹಣೆ ಮಾತ್ರ ಊರಿನ ಸ್ಥಳೀಯ ಸಂಸ್ಥೆಯದೇ.

ಕೆಲಸ ಮುಗಿದ ಕೂಡಲೇ ಎಂ.ಬಿ. (ಅಳತೆ ಪುಸ್ತಕ) ಬರೀತಾರೆ, ಬಿಲ್ ಆಗ್ತದೆ, ಪೂರ್ಣಗೊಂಡ ಪ್ರಮಾಣಪತ್ರ ಆಗ್ತದೆ. ಇಲ್ಲಿತನಕ ಎಲ್ಲ ಸರಾಗ, ಯಾಕಂದ್ರೆ ಇಲ್ಲಿತನಕ ಎಲ್ಲರಿಗೂ ಕಾಗದ ಬೇಕು. ಆಮೇಲೆ ಜಂಟಿ ಪರಿಶೀಲನೆ ಮಾಡಿ ಹಸ್ತಾಂತರ ಪತ್ರಕ್ಕೆ ಸಹಿ ಆಗಬೇಕು. ಸಹಿ ಹಾಕಿದ ದಿನದಿಂದ ವಾಚ್‌ಮನ್ ಪಗಾರ, ಕರೆಂಟ್ ಬಿಲ್, ಮಾಲಿ, ನೀರು ಎಲ್ಲ ಒಡೆಯರ ತಲೆ ಮೇಲೆ. ಪಾರ್ಕ್ ಕಟ್ಟೋಕೆ ಅನುದಾನ ಸಿಗ್ತದೆ, ಕಸ ಗುಡಿಸೋಕೆ ಸಿಗಲ್ಲ. ಅದಕ್ಕೇ ಸಹಿ ಹಾಕೋರು "ನೋಡೋಣ" ಅಂತಾರೆ. ಈ ಕಡೆ ಏಜೆನ್ಸಿಯೋರು ಹಸ್ತಾಂತರ ಆಗೋ ಮುಂಚೆ ಜೋಕಾಲಿ ಸರಪಳಿ ಕಳುವಾದ್ರೆ ನಮ್ಮ ಕುತ್ತಿಗೆಗೆ ಬರ್ತದೆ ಅಂತ ಬೀಗ ಜಡೀತಾರೆ.

ಇದರಾಗ ಯಾರೂ ಗಮನಿಸದ ಇನ್ನೊಂದು ಲೆಕ್ಕ ಐತೆ. ಗುತ್ತಿಗೆದಾರ ಇಂತಿಷ್ಟು ದಿನ ದೋಷ ಕಂಡ್ರೆ ರಿಪೇರಿ ಮಾಡಿಕೊಡಬೇಕು, ನಾವು ಡಿಎಲ್‌ಪಿ ಅಂತೀವಿ. ಆ ಗಡಿಯಾರ ಓಡೋದು ಕೆಲಸ ಮುಗಿದ ತಾರೀಕಿನಿಂದ, ಗೇಟ್ ತೆಗೆದ ತಾರೀಕಿನಿಂದ ಅಲ್ಲ. ಬೀಗದ ಹಿಂದೆ ಕೂತ ಜೋಕಾಲಿ ಮುರಿಯೋದೆಂಗೆ? ಯಾರೂ ಆಡೇ ಇಲ್ಲ. ಅವಧಿ ಮುಗಿದ ಮೇಲೆ ಗೇಟ್ ತೆಗೀತಾರೆ, ಎರಡನೇ ವಾರಕ್ಕೆ ಜಾರುಬಂಡೆ ಬೋಲ್ಟ್ ಕಳಚ್ತದೆ. ಆಗ ಕೇಳೋಕೆ ಯಾರೂ ಇರಲ್ಲ.

ಗೇಟ್ ಎದುರು ಮನೆ (ಬಳ್ಳಾರಿ), ಸೋಮವಾರ, ಮಧ್ಯಾಹ್ನ 1:15

ನಾನೂ ಅದೇ ಪಾರ್ಕಿನ ಎದುರಿಗೇ ಇರೋದು. ಬೈಸಿಕೊಂಡ್ರೂ ಅಡ್ಡಿಯಿಲ್ಲ, ಹೇಳಿಬಿಡ್ತೀನಿ: ಈ 14 ತಿಂಗಳು ನಾನು ನೆಮ್ಮದಿಯಾಗಿ ನಿದ್ದೆ ಮಾಡೀನಿ.

ಮುಂಚೆ ರಾತ್ರಿ ಒಂಬತ್ತಾದ್ರೆ ಒಳಗೆ ಬೇರೆ ಮಂದಿ. ಬೆಳಿಗ್ಗೆ ನಮ್ಮ ಕಾಂಪೌಂಡಿನಾಗ ಕ್ವಾರ್ಟರ್ ಬಾಟ್ಲಿ, ಪ್ಲಾಸ್ಟಿಕ್ ಲೋಟ. ಒಂದ್ಸಲ ಕೇಳೋಕೆ ಹೋದ ನಮ್ಮನೆಯವರಿಗೆ ಏನೇನೋ ಅಂದ್ರು. ವಾಕಿಂಗಿಗೆ ಬರೋರು ಎಂಟಕ್ಕೆ ಮನೆ ಸೇರ್ತೀರಿ, ಆಮೇಲಿನದು ಅನುಭವಿಸೋರು ನಾವು. ತೆಗೆಸ್ರಿ, ಬೇಡ ಅನ್ನಲ್ಲ. ರಾತ್ರಿ ಯಾರು ಮುಚ್ತಾರೆ ಅಂತ ಮೊದಲು ಹೇಳ್ರಿ.

ಮೂರನೇ ಕ್ರಾಸ್ (ಬಳ್ಳಾರಿ), ಸೋಮವಾರ, ಮಧ್ಯಾಹ್ನ 2:30

ಅಕ್ಕಾ, ನಿಮ್ಮ ಮಾತು ಸುಳ್ಳಲ್ಲ. ಆದ್ರೆ ಕುಡಿಯೋರಿಗೆ ಬೀಗ ಅಡ್ಡ ಬಂದೈತಾ? ಸರಳು ಬಗ್ಗಿರೋದು ಬರೀ ಹುಡುಗರ ಕೈಯಿಂದ ಅಲ್ಲ. ಗೇಟಿಂದ ಹೋಗೋರನ್ನ ತಡೆದು, ಹಾರಿ ಹೋಗೋರನ್ನ ಬಿಟ್ಟಂಗೆ ಆಗೈತೆ.

ಜೆಇ ಸರ್, ನೀವು ಹೇಳಿದ್ದು ಓದಿ ತಲೆ ತಿರುಗ್ತು. ಹಂಗಾದ್ರೆ ನಾನು ಏನಂತ ಕೇಳಬೇಕು? "ಪಾರ್ಕ್ ತೆಗೀರಿ" ಅಂತ ಮೂರು ಸಲ ಅರ್ಜಿ ಬರೆದು ಕೊಟ್ಟೀನಿ.

ಕರಿಕೋಟು (ಬಳ್ಳಾರಿ), ಸೋಮವಾರ, ರಾತ್ರಿ 9:50

"ತೆಗೀರಿ" ಅಂತ ಬರೆದ ಅರ್ಜಿಗೆ "ಪರಿಶೀಲಿಸಲಾಗುವುದು" ಅಂತ ಉತ್ತರ ಬರ್ತದೆ, ಅಲ್ಲಿಗೆ ಮುಗೀತು. ಕೇಳಬೇಕಾದ್ದು ಬೇರೆ.

ಮೊದಲು ಕಾನೂನು ಎಲ್ಲಿ ನಿಂತೈತೆ ನೋಡೋಣ. ಕರ್ನಾಟಕದಾಗ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ 1985ರದೇ ಒಂದು ಕಾಯ್ದೆ ಐತೆ. ಸ್ಥಳೀಯ ಸಂಸ್ಥೆ ತನ್ನ ಉದ್ಯಾನಗಳ ಪಟ್ಟಿ ಮಾಡಬೇಕು, ಪಟ್ಟಿಯಾಗಿರೋ ಜಾಗಾನ ಬೇರೆ ಕೆಲಸಕ್ಕೆ ಬಳಸೋ ಹಂಗಿಲ್ಲ. ಬೆಂಗಳೂರಿನ ಸದಾಶಿವನಗರದಾಗ ಪಾರ್ಕಿಗೆ ಬಿಟ್ಟ ಜಾಗಾನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ರು. ಸುತ್ತಲಿನ ನಿವಾಸಿಗಳೇ ಕೋರ್ಟಿಗೆ ಹೋದ್ರು, 1991ರಾಗ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಪಾರ್ಕಿನ ಬಗ್ಗೆ ಕೇಳೋಕೆ ಪಕ್ಕದ ಮನೆಯೋರಿಗೆ ಹಕ್ಕಿಲ್ಲ ಅನ್ನೋ ವಾದ ಅಲ್ಲಿಗೆ ಸತ್ತಂಗೆ. ಲಕ್ನೋದಾಗ ಪಾರ್ಕಿನ ಅಡಿಗೆ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟಿದ್ದನ್ನ 1999ರಾಗ ಅದೇ ಕೋರ್ಟು ಕೆಡವಿಸಿ, ಪಾರ್ಕನ್ನ ಮೊದಲಿನಂಗೆ ಮಾಡ್ರಿ ಅಂತು.

ಆದ್ರೆ ಮೇಡಂ, ಇವೆಲ್ಲ ಜಾಗ ನುಂಗಿದ ಕೇಸು. ನಿಮ್ಮ ಪಾರ್ಕನ್ನ ಯಾರೂ ನುಂಗಿಲ್ಲ, ಬೀಗ ಹಾಕಿ ಮರೆತಾರೆ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬೇಡ.

ಕೊರೋನಾ ಕಾಲ ನೆನಪು ಮಾಡ್ಕೊಳ್ರಿ. 2020ರ ಮಾರ್ಚ್ 25ಕ್ಕೆ ದೇಶಕ್ಕೇ ಬೀಗ ಬಿತ್ತು. ಅದಕ್ಕೂ ಒಂದು ಆದೇಶ ಇತ್ತು, 2005ರ ವಿಪತ್ತು ನಿರ್ವಹಣಾ ಕಾಯ್ದೆ ಅಡಿ. ಮೇ 19ರಿಂದ ರಾಜ್ಯದಾಗ ಪಾರ್ಕ್ ತೆಗೆದಾಗಲೂ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ಅಂತ ಹೊತ್ತು ಗೊತ್ತು ಮಾಡಿ ಹೇಳಿದ್ರು. ಮುಚ್ಚಿದ್ದು ಯಾರು, ಯಾವ ಅಧಿಕಾರದಿಂದ, ತೆಗೆಯೋದು ಯಾವಾಗ, ಎಲ್ಲ ಬರಹದಾಗ. ಅಂಥ ಮಹಾಮಾರಿಗೇ ಕಾಗದ ಇತ್ತಲ್ಲ, ನಿಮ್ಮ ಗೇಟಿನ ಬೀಗದ ಕಾಗದ ಎಲ್ಲಿ? ಅದನ್ನೇ ಕೇಳ್ರಿ.

ಮಾಹಿತಿ ಹಕ್ಕಿನಾಗ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಒಂದು ಅರ್ಜಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದೇ ವಿಷಯ, 150 ಪದದೊಳಗೆ ಇರಬೇಕು. ಅದಕ್ಕೇ ಅಳಲು ತೋಡ್ಕೊಳ್ಳಬ್ಯಾಡ್ರಿ, ಅತ್ತೆ ಶುಗರ್ ಬರೀಬ್ಯಾಡ್ರಿ. ಸದರಿ ಉದ್ಯಾನವನ್ನ ಸಾರ್ವಜನಿಕರಿಗೆ ಮುಚ್ಚಿದ ಆದೇಶದ ಪ್ರತಿ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರದ ಪ್ರತಿ, ಹಸ್ತಾಂತರದ ಬಗ್ಗೆ ನಡೆದ ಪತ್ರವ್ಯವಹಾರದ ಪ್ರತಿ. ಈ ಮೂರು ಸಾಕು. "ನಮ್ಮದಲ್ಲ" ಅಂತ ಅರ್ಜಿ ವಾಪಸ್ ಕೊಡೋ ಹಂಗಿಲ್ಲ. ಯಾರದೋ ಅವರಿಗೆ 5 ದಿನದಾಗ ಅವರೇ ವರ್ಗಾಯಿಸಬೇಕು, ಆ ಕಾಯ್ದೆಯ ಕಲಂ 6(3)ರಾಗ ಐತೆ. 30 ದಿನದಾಗ ಉತ್ತರ ಬರದಿದ್ರೆ ಮೇಲ್ಮನವಿ.

ಒಗ್ಗಾಣಿ ಮಿರ್ಚಿ (ಬಳ್ಳಾರಿ), ಸೋಮವಾರ, ರಾತ್ರಿ 10:02

ಲೋಕಾಯುಕ್ತಕ್ಕೆ ಹೋಗಬಾರದಾ ಸರ್? ಬಳ್ಳಾರಿಗೇನು ಅದು ಹೊಸದಾ?

ಕರಿಕೋಟು (ಬಳ್ಳಾರಿ), ಸೋಮವಾರ, ರಾತ್ರಿ 10:10

ಕೈಯಾಗ ಕಾಗದ ಇಲ್ಲದೆ ಅಫಿಡವಿಟ್ಟಿಗೆ ಏನಂತ ಸಹಿ ಹಾಕ್ತೀಯಪ್ಪಾ? ಮೊದಲು ಕಾಗದ.

ಮಾವಿನಕೆರೆ ದಂಡಿ (ರಾಯಚೂರು), ಮಂಗಳವಾರ, ಬೆಳಿಗ್ಗೆ 6:45

ನಮ್ಮ ಓಣ್ಯಾಗೂ ಇದೇ ಹಣೆಬರ ಇತ್ರೀ. ನಾನು ಪ್ರತಿ ಕೇಳಲಿಲ್ಲ, ಕಡತ ನೋಡ್ತೀನಿ ಅಂತ ಬರದೆ. ಮಾಹಿತಿ ಹಕ್ಕಿನಾಗ ಕಡತ ಕೂತು ನೋಡಾಕ, ಕಾಮಗಾರಿ ಜಾಗಕ್ಕ ಹೋಗಿ ನೋಡಾಕ, ಬೇಕಾದ್ರ ಬಳಸಿದ ಸಾಮಾನಿನ ಮಾದರಿ ತಗೊಳ್ಳಾಕೂ ಅವಕಾಶ ಐತಿ.

ಫ್ಯಾನ್ ಇಲ್ಲದ ಕ್ವಾಣ್ಯಾಗ ಕುಂದ್ರಿಸಿ ಫೈಲ್ ಕೊಟ್ರು. ಕೆಂಪು ದಾರ ಬಿಚ್ಚಿ ನೋಡಿದ್ರ, ಹಸ್ತಾಂತರ ಮಾಡ್ಕೋರಿ ಅಂತ ಬರದ ಪತ್ರ ಬಂದು ಏಳು ತಿಂಗಳಾಗಿತ್ತು. ಪತ್ರದ ಅಂಚಿನ್ಯಾಗ ಹಸಿರು ಮಸಿಲೆ "ಪರಿಶೀಲಿಸಿ ಮಂಡಿಸಿ" ಅಂತ ಎರಡೇ ಮಾತು. ಅದರ ಕೆಳಗ ಏನೂ ಇಲ್ಲ. ಯಾರು ಪರಿಶೀಲಿಸಬೇಕು ಅಂತ ಹೆಸರೂ ಇಲ್ಲ. ಆ ಹಾಳಿದು ಪ್ರತಿ ತಗೊಂಡು ಮೇಲಿನವರ ಮುಂದ ಇಟ್ಟೆ. ಬೈದಿಲ್ಲ, ಕೂಗಾಡಿಲ್ಲ. ಹದಿನೈದು ದಿನಕ್ಕ ಗೇಟ್ ತೆರೀತು. ಯಾರೂ ಕೆಟ್ಟೋರಲ್ರೀ, ಆ ಹಾಳಿ ಯಾರ ಟೇಬಲ್ ಮ್ಯಾಲ ಇರಬೇಕು ಅನ್ನೂದೇ ಯಾರಿಗೂ ಗೊತ್ತಿರಲಿಲ್ಲ.

ಹುಲಿಕೆರೆ ಗಾಳಿ (ಕೊಪ್ಪಳ), ಮಂಗಳವಾರ, ಬೆಳಿಗ್ಗೆ 9:30

ನಾವು ಬ್ಯಾರೆ ದಾರಿ ಹಿಡಿದಿದ್ವಿ, ಅದನ್ನೂ ಕೇಳ್ರಿ. ಆಫೀಸಿನೋರು ಮಂದಿ ಇಲ್ಲ ಅಂದ್ರು. ಬಡಾವಣಿ ಮಂದಿನ ಸಂಘ ಮಾಡ್ಕೊಂಡು ಕೀ ಇಸ್ಕೊಂಡ್ವಿ. ಮನಿಗೆ ಇಷ್ಟು ಅಂತ ಪಟ್ಟಿ ಹಾಕಿ ಮಾಲಿ ಇಟ್ವಿ. ಗಿಡ ಭಾಳ ಚಲೋ ಬಂದ್ವು.

ಆರು ತಿಂಗಳಾದ ಮ್ಯಾಲ ನೋಡ್ತೀನಿ, ಹಿಂದಿನ ಓಣಿ ಹುಡುಗ್ರನ್ನ ಒಳಗ ಬಿಡವಲ್ರು. "ನಮ್ಮ ರೊಕ್ಕದಾಗ ಬೆಳೆಸಿದ ಹುಲ್ಲು" ಅಂತಾರ. ಮಧ್ಯಾಹ್ನ ನೆಳ್ಳಿಗೆ ಬಂದು ಕುಂದ್ರೋ ಕಟ್ಟಡ ಕೆಲಸದ ಹೆಣ್ಮಕ್ಕಳನ್ನೂ ಎಬ್ಬಿಸಿ ಕಳಿಸ್ಯಾರ. ಮೊದಲು ಆಫೀಸಿನೋರು ಬೀಗ ಹಾಕ್ತಿದ್ರು, ಈಗ ನಮ್ಮೋರೇ ಹಾಕ್ತಾರ. ಸಂಘದ ಕಾರ್ಯದರ್ಶಿ ನಾನೇ ಇದ್ದೆ, ಅದಕ್ಕ ಹೇಳಾಕ ನಾಚಿಕಿ. ಕೀ ಇಸ್ಕೊಳ್ರಿ, ಆದ್ರ ಯಾರ್ ಯಾರಿಗೆ, ಎಷ್ಟೊತ್ತಿನಿಂದ ಎಷ್ಟೊತ್ತಿನ ತನಕ ಅಂತ ಆಫೀಸಿನೋರ ಕೈಲೇ ಬರಸ್ಕೊಂಡು ಇಸ್ಕೊಳ್ರಿ.

ಗಾಡಿ ಅಂಗಡಿ (ಬಳ್ಳಾರಿ), ಮಂಗಳವಾರ, ಮಧ್ಯಾಹ್ನ 3:20

ನಾನು ಆ ಗೇಟ್ ಬಾಜು ಮಂಡಕ್ಕಿ, ಮಿರ್ಚಿ ಮಾರ್ತಿದ್ದೆ. ಓದೋಕೆ ಬರ್ತದೆ, ಬರೆಯೋದು ನಿಧಾನ. ಬೀಗ ಯಾರು ಹಾಕಿದ್ದು ಅಂತ ಇಷ್ಟು ಮಂದಿ ಕೇಳ್ತೀರಲ್ಲ, ನಾನು ಕಣ್ಣಾರೆ ನೋಡೀನಿ. ಕಾಂಟ್ರಾಕ್ಟರ್ ಕಡೆ ಹುಡುಗ. ಪೈಪ್ ಇಳಿಸಿದ ದಿನ, "ಅಣ್ಣಾ ಬೀಗ ಎಲ್ಲಿ ಸಿಗ್ತದೆ" ಅಂತ ನನ್ನೇ ಕೇಳಿದ. ನಾನೇ ಹಾರ್ಡ್‌ವೇರ್ ಅಂಗಡಿ ತೋರಿಸಿದೆ. ತಂದು ಹಾಕಿ, ಮಳೆಗೆ ತುಕ್ಕು ಹಿಡೀಬಾರದು ಅಂತ ನನ್ ಹತ್ರನೇ ಒಂದು ಹಾಲಿನ ಪಾಕೀಟ್ ಇಸ್ಕೊಂಡು ಸುತ್ತಿದ. ಈಗಲೂ ಅದೇ ಪಾಕೀಟ್ ಐತೆ, ಹೋಗಿ ನೋಡ್ರಿ. ಆ ಹುಡುಗ ಈಗ ಬೆಂಗಳೂರಾಗ ಅದಾನೆ ಅಂತಾರೆ.

ಗೇಟ್ ಮುಚ್ಚಿದ ಮೇಲೆ ಬಸ್ ಸ್ಟ್ಯಾಂಡ್ ಕಡೆ ಗಾಡಿ ನಿಲ್ಲಿಸ್ತೀನಿ. ಅಲ್ಲಿ ವ್ಯಾಪಾರ ಐತೆ, ಜಾಗಕ್ಕೆ ಜಗಳಾನೂ ಐತೆ.

ಒಗ್ಗಾಣಿ ಮಿರ್ಚಿ (ಬಳ್ಳಾರಿ), ಮಂಗಳವಾರ, ಮಧ್ಯಾಹ್ನ 3:31

ಇಷ್ಟೊತ್ತು ಸುಪ್ರೀಂ ಕೋರ್ಟು, 371ಜೆ ಎಲ್ಲ ಓದಿದೆ. ಕೊನಿಗೆ ಹಾಲಿನ ಪಾಕೀಟಾ? ಇನ್ನು ಜೋಕ್ ಮಾಡಲ್ಲ ಬಿಡ್ರಿ.

ನಿವೃತ್ತ ಜೆಇ (ಬಳ್ಳಾರಿ), ಮಂಗಳವಾರ, ಸಂಜೆ 5:00

ಅಂಗಡಿ ಯಜಮಾನ್ರು ಹೇಳಿದ್ದು ನೂರಕ್ಕೆ ನೂರು ನಿಜ ಇರ್ತದೆ. ಸಾಮಾನು ಕಾಯೋಕೆ ಹಾಕಿದ ಬೀಗ. ಕೆಲಸ ನಡೆಯೋವಾಗ ಅದು ಸರಿನೇ, ಗುಂಡಿಗೆ ಮಕ್ಕಳು ಬೀಳಬಾರದು. ಮುಗಿದ ಮೇಲೆ ತೆಗೀಬೇಕು ಅಂತ ಯಾರಿಗೂ ಬರೆದು ಹೇಳಿಲ್ಲ.

ಹುಲ್ಲಿನ ವಿಷಯ ಒಂದು ಹೇಳಿ ನಿಲ್ಲಿಸ್ತೀನಿ, ಹೊಟ್ಟೆ ಉರೀತದೆ. ಬಳ್ಳಾರಿ ಬಿಸಿಲಿಗೆ, ನಳದ ನೀರಿಗೆ ಮನೆಮಂದಿನೇ ದಿನ ಎಣಿಸೋ ಊರಿಗೆ, ಲಾನ್ ಹಾಸೋ ಎಸ್ಟಿಮೇಟ್ ಬರೆಯೋರಿಗೆ ಏನನ್ನಬೇಕು? ಬೇವು, ಹೊಂಗೆ ನೆಡ್ರಿ ಅಂದ್ರೆ ಫೋಟೋದಾಗ ಚೆಂದ ಕಾಣಲ್ಲ ಅಂತಾರೆ. ನಾನೂ ಅಂಥ ಎಸ್ಟಿಮೇಟಿಗೆ ಸಹಿ ಹಾಕೀನಿ, ಸುಳ್ಳೇಕೆ.

ಮೂರನೇ ಕ್ರಾಸ್ (ಬಳ್ಳಾರಿ), 36 ದಿನ ಆದ ಮೇಲೆ, ಬೆಳಿಗ್ಗೆ 11:15

ಎಲ್ಲರಿಗೂ ನಮಸ್ಕಾರ. ಕರಿಕೋಟು ಸರ್ ಹೇಳಿದಂಗೆ ಮೂರೇ ಪ್ರಶ್ನೆ ಕೇಳಿದ್ದೆ. ಅರ್ಜಿ ಒಂದು ಆಫೀಸಿಂದ ಇನ್ನೊಂದಕ್ಕೆ ವರ್ಗ ಆಗಿ, 29ನೇ ದಿನಕ್ಕೆ ಉತ್ತರ ಬಂತು.

ಪೂರ್ಣಗೊಂಡ ಪ್ರಮಾಣಪತ್ರ ಕೊಟ್ಟಾರೆ, ಅದರ ತಾರೀಕು ದೀಪಾವಳಿ ಆದ ಹತ್ತು ದಿನಕ್ಕೆ. ಹಸ್ತಾಂತರದ ಪತ್ರ ಎರಡು ಅದಾವೆ, ಎರಡಕ್ಕೂ ಉತ್ತರ ಇಲ್ಲ. ಮೊದಲನೇ ಪ್ರಶ್ನೆಗೆ ಒಂದೇ ಸಾಲು: "ಸದರಿ ಉದ್ಯಾನವನ್ನು ಮುಚ್ಚುವ ಬಗ್ಗೆ ಈ ಕಚೇರಿಯಿಂದ ಯಾವುದೇ ಆದೇಶ ಹೊರಡಿಸಿರುವುದಿಲ್ಲ."

ಆ ಸಾಲನ್ನ ಎರಡು ಸಲ ಓದಿದೆ. ಆದೇಶನೇ ಇಲ್ಲದ ಬೀಗಕ್ಕೆ ತೆಗೀರಿ ಅಂತ ಮೂರು ಅರ್ಜಿ ಕೊಟ್ಟಿದ್ನಲ್ಲ ಅಂತ ನಗು ಬಂತು, ಸಿಟ್ಟೂ ಬಂತು. ಉತ್ತರದ ಜೆರಾಕ್ಸ್ ತಗೊಂಡು ಐದು ಜನ ಹೆಣ್ಮಕ್ಕಳು ಆಫೀಸಿಗೆ ಹೋದ್ವಿ. ಹೊಸದಾಗಿ ಬಂದಿರೋ ಎಂಜಿನಿಯರ್ ಒಬ್ರು ಕೂರಿಸಿ ಕೇಳಿದ್ರು. ಮೊನ್ನೆ ಎರಡೂ ಕಡೆಯೋರು ಬಂದು ಜಂಟಿ ಪರಿಶೀಲನೆ ಮಾಡಿದ್ರು. ಟ್ರ್ಯಾಕ್ ಎರಡು ಕಡೆ ಕುಸಿದೈತೆ, ದೀಪಕ್ಕೆ ಮೀಟರೇ ಕೂರಿಸಿಲ್ಲ, ಜಾರುಬಂಡೆ ಬುಡದ ಬೋಲ್ಟ್ ಸಡಿಲ. ಜೆಇ ಸರ್ ಹೇಳಿದ್ದು ನೆನಪಿತ್ತು, ಅಷ್ಟನ್ನೂ ಅಲ್ಲೇ ಬರೆಸಿದೆ. ಡಿಎಲ್‌ಪಿ ಇನ್ನೂ ಐದು ತಿಂಗಳು ಉಳಿದೈತೆ ಅಂದ್ರು.

ಕೀ ಸಿಗಲಿಲ್ಲ. ಬೀಗ ಒಡೆದ್ರು. ಹಾಲಿನ ಪಾಕೀಟ್ ಪುಡಿಪುಡಿ ಆಗಿ ಉದುರಿತು.

ನಿವೃತ್ತ ಜೆಇ (ಬಳ್ಳಾರಿ), ಅದೇ ದಿನ, ಮಧ್ಯಾಹ್ನ 12:40

ಭೇಷ್ ಕಣಮ್ಮ. ಆ ಜಂಟಿ ಪರಿಶೀಲನೆ ವರದಿ ಪ್ರತಿ ಇಸ್ಕೊಂಡೀಯಾ? ಇಲ್ಲಂದ್ರೆ ಇವತ್ತೇ ಹೋಗಿ ಇಸ್ಕೋ. ಎಂಜಿನಿಯರ್ ವರ್ಗ ಆದ್ರೆ ಮತ್ತೆ ಮೊದಲಿನಿಂದ.

ಮೂರನೇ ಕ್ರಾಸ್ (ಬಳ್ಳಾರಿ), ಅದೇ ದಿನ, ಮಧ್ಯಾಹ್ನ 1:05

ಫೋನಿನಾಗ ಫೋಟೋ ಹೊಡ್ಕೊಂಡೀನಿ ಸರ್, ಪ್ರತಿಗೂ ಬರೆದು ಕೊಟ್ಟೀನಿ. ಸದ್ಯಕ್ಕೆ ಬೆಳಿಗ್ಗೆ 6ರಿಂದ 9, ಸಂಜೆ 4ರಿಂದ 8 ಅಂತ ಬೋರ್ಡ್ ಬರೆಸ್ತಾರಂತೆ. ಕೊಪ್ಪಳದ ಅಣ್ಣ ಹೇಳಿದ್ದು ಕೇಳಿಸ್ಕೊಂಡು "ಎಲ್ಲ ಸಾರ್ವಜನಿಕರಿಗೆ" ಅಂತ ಸೇರಿಸ್ರಿ ಅಂದೆ. ಮಧ್ಯಾಹ್ನ ನೆರಳಿಗೆ ಬರೋರಿಗೂ ತೆಗೀರಿ ಅಂದಿದ್ದಕ್ಕೆ ಮಾತ್ರ, ವಾಚ್‌ಮನ್ ಇಲ್ಲ ಅಂದ್ರು. ಅತ್ತೆ ನಿನ್ನೆ ಎರಡು ಸುತ್ತು ಹಾಕಿದ್ರು.

ಗಾಡಿ ಅಂಗಡಿ (ಬಳ್ಳಾರಿ), ಅದೇ ದಿನ, ಮಧ್ಯಾಹ್ನ 2:10

ಸಂಜೆ 4ರಿಂದಾ? ನಾಳೆ ಗಾಡಿ ತರ್ತೀನಿ.

ಗೇಟ್ ಎದುರು ಮನೆ (ಬಳ್ಳಾರಿ), ಅದೇ ದಿನ, ರಾತ್ರಿ 8:25

ಒಳ್ಳೆದಾಯ್ತು. ಈಗ 8 ದಾಟಿ 25 ನಿಮಿಷ. ಗೇಟ್ ತೆರೆದೇ ಐತೆ, ನಾಲ್ಕು ಹುಡುಗರು ಒಳಗೆ ಕೂತಾರೆ. ಮುಚ್ಚೋದು ಯಾರು?

ಮೂರನೇ ಕ್ರಾಸ್ (ಬಳ್ಳಾರಿ), ಅದೇ ದಿನ, ರಾತ್ರಿ 8:31

ಅದನ್ನ ಬರೆಸೋದು ಮರ್ತೀನಿ ಅಕ್ಕಾ. ಇವತ್ತು ನಮ್ಮನೆಯವರನ್ನ ಕಳಿಸ್ತೀನಿ, ನಿಮ್ಮನೆ ಹತ್ರ ಒಂದು ಬೀಗ ಇದ್ರೆ ಕೊಡ್ರಿ.